ಮೂರು ಕಾರ್ಡು, ಖಾಲಾನ ಒಂದು ಟ್ರಂಕು

ಗಂಗಾವತಿಯ ಬಸ್ ನಿಲ್ದಾಣದಲ್ಲಿ ಇಳಿದು ಹತ್ತು ನಿಮಿಷವೂ ಆಗಿರಲಿಲ್ಲ, ನನ್ನ ತಿಳಿಹಳದಿ ಸೀರೆಯ ಮೇಲೆ ಕಪ್ಪಗೆ ಏನೋ ಉದುರತೊಡಗಿತು. ತಲೆಯೆತ್ತಿ ನೋಡಿದರೆ ಮೋಡವಿಲ್ಲ, ಮರವಿಲ್ಲ, ಒಂದು ಕಾಗೆಯೂ ಇಲ್ಲ. ಕೈಯಿಂದ ಒರೆಸಿದೆ, ಮಸಿ ಉದ್ದಕ್ಕೆ ಎಳೆದುಕೊಂಡಿತು. ಬಾಳೆಹಣ್ಣಿನ ಬುಟ್ಟಿಯ ಮುಂದೆ ಕೂತಿದ್ದ ಹೆಂಗಸು ನಕ್ಕು, "ಒರಸಬ್ಯಾಡ್ರಿ, ಊದ್ರಿ. ಅಕ್ಕಿ ಮಿಲ್ಲಿನ ಬೂದಿ ಐತಿ ಅದು. ಇಲ್ಲೇ ಇರಾಕ ಬಂದೀರಿ ಅಂದ್ರ ಬಿಳಿ ಅರಿವಿ ಪೆಟ್ಟಿಗ್ಯಾಗ ಇಡ್ರಿ" ಎಂದಳು. ಮದ್ದೂರಿನಿಂದ ಬಂದವಳಿಗೆ ಈ ಊರು ಹೇಳಿದ ಮೊದಲ ಬುದ್ಧಿಮಾತು ಅದು.

ನಮ್ಮ ಮದ್ದೂರಿನ ಕಡೆ ಕೂತು ಇದನ್ನು ಓದುವ ನಿಮಗೆ ಗಂಗಾವತಿ ಎಂದರೆ ಸೋನಾ ಮಸೂರಿ ಅಕ್ಕಿಯ ಮೂಟೆ ಅಷ್ಟೇ. ನನಗೂ ಅಷ್ಟೇ ಇತ್ತು. ಕೊಪ್ಪಳ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ, ಪಕ್ಕದ ಮರಳಿಯ ಸರ್ಕಾರಿ ಪ್ರೌಢಶಾಲೆಗೆ ಗಣಿತದ ಶಿಕ್ಷಕಿಯಾಗಿ ನೇಮಕವಾಗಿತ್ತು. ಐದು ವರ್ಷ ಹೇಗೋ ತಳ್ಳಿ, ವರ್ಗ ಮಾಡಿಸಿಕೊಂಡು ಮದ್ದೂರಿಗೆ ವಾಪಸ್, ಅಲ್ಲೊಂದು ಸೈಟು, ಅದರಲ್ಲಿ ನನ್ನದೇ ಒಂದು ಮನೆ. ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಮದುವೆಯ ಮಾತು ನಿಂತುಹೋದ ಹೆಣ್ಣಿಗೆ ಅದೇ ಕನಸು.

ಒಬ್ಬಳೇ ಹೆಣ್ಣುಮಗಳು ಎಂದಾಕ್ಷಣ ಮೂರು ಮನೆಗಳಲ್ಲಿ ಬಾಗಿಲು ಅರ್ಧ ತೆರೆದು ಹಾಗೇ ಮುಚ್ಚಿಕೊಂಡವು. ನಾಲ್ಕನೆಯದು ಹುಸೇನಬಿಯದು. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಕೌದಿ ಎಂದರೆ ಇಲ್ಲಿನ ಹೊದಿಕೆ. ಬಾಡಿಗೆ ಕರಾರುಪತ್ರದ ಮಾತೆತ್ತಿದೆ. ನಮ್ಮ ಕಡೆ ಹತ್ತು ತಿಂಗಳ ಮುಂಗಡ, ಛಾಪಾ ಕಾಗದ, ಇಬ್ಬರು ಸಾಕ್ಷಿ ಇಲ್ಲದೆ ಬೀಗದ ಕೈ ಕೊಡುವವರುಂಟೆ?

"ಕಾಗದ ಗೀಗದ ಯಾಕ್ರಿ ಅಕ್ಕೋರ? ನೀವು ಓಡಿ ಹೋದ್ರ ಮನಿ ಹೊತ್ಕೊಂಡು ಹೋಗ್ತೀರೇನು?" ಎಂದಳು.

ಅಕ್ಕೋರು ಎಂದರೆ ಇಲ್ಲಿ ಮೇಡಂ. ಬಟ್ಟೆಗೆ ಅರಿವಿ, ಸಂಬಳಕ್ಕೆ ಪಗಾರ, ದುಡ್ಡಿಗೆ ರೊಕ್ಕ. ನಾನು ಅವಳನ್ನು ಎಲ್ಲರಂತೆ ಖಾಲಾ, ಅಂದರೆ ಚಿಕ್ಕಮ್ಮ ಎಂದು ಕರೆಯತೊಡಗಿದೆ. ಒಂದು ಭಾನುವಾರ ಮುದ್ದೆ ಮಾಡಿ ಕೊಟ್ಟೆ. ಅಗಿಯಬಾರದು, ನುಂಗಬೇಕು ಎಂದು ತೋರಿಸಿದ್ದಕ್ಕೆ, "ಹಂಗಾದ್ರ ದೇವರು ಹಲ್ಲು ಯಾತಕ್ಕ ಕೊಟ್ಟಾನ್ರಿ?" ಎಂದು ಕೇಳಿ, ಮುರಿದು ಮುರಿದು ರೊಟ್ಟಿಯ ಹಾಗೆ ಅಗಿದೇ ತಿಂದಳು. ಒಂಟಿತನ ಎಂದು ನಾನು ಹೆದರಿಕೊಂಡು ಬಂದಿದ್ದು ಅಲ್ಲಿಗೆ ಅರ್ಧ ಇಳಿಯಿತು.

ಅವಳ ಪಡಸಾಲೆಯಲ್ಲಿ ಒಂದು ಹಸಿರು ಬಣ್ಣದ ತಗಡಿನ ಟ್ರಂಕು. ಕೌದಿಯ ತುಂಡುಗಳ ಅಡಿಯಲ್ಲಿ ಅವಳ ಹಜ್ ಯಾತ್ರೆಯ ಹಣ. ಹನ್ನೊಂದು ವರ್ಷದಿಂದ ಹೊಲಿದ ಕೂಲಿ, ಈಗ ನನ್ನ ಬಾಡಿಗೆಯೂ ಅದರೊಳಕ್ಕೆ. ತಮ್ಮ ಮಹಬೂಬಸಾಬ ಮತ್ತು ಅವನ ಹೆಂಡತಿಯ ಜೊತೆ ಹೋಗುವುದೆಂದು ಮಾತಾಗಿತ್ತು. ಬ್ಯಾಂಕಿನಲ್ಲಿ ಇಡಬಾರದೇ ಎಂದು ಕೇಳಿದೆ.

"ಅಲ್ಲಿಟ್ರ ತಾನ ಬಡ್ಡಿ ಹತ್ತತೈತಿ ಅಕ್ಕೋರ. ಹಜ್ಜಿನ ರೊಕ್ಕಕ್ಕ ಬಡ್ಡಿ ಸೋಂಕಬಾರದ್ರಿ."

ಗಣಿತದವಳಲ್ಲವೇ, ಹನ್ನೊಂದು ವರ್ಷಕ್ಕೆ ಎಷ್ಟು ಕಳೆದುಕೊಂಡಿದ್ದಾಳೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಮರುಗಿದೆ. ಆ ಮರುಕ ನೆನೆದರೆ ಈಗ ನಾಚಿಕೆಯಾಗುತ್ತದೆ.

ಊರನ್ನು ಅರಿಯುವುದೆಂದರೆ ಅದರ ಕಾಲವನ್ನು ಅರಿಯುವುದು. ಮದ್ದೂರಿನಲ್ಲೂ ಕಾಲುವೆ ಉಂಟು, ಆದರೆ ಕಬ್ಬು, ಭತ್ತ, ರೇಷ್ಮೆ, ಹಾಲು ಎಂದು ಹತ್ತು ಕಡೆಯಿಂದ ಚಿಲ್ಲರೆ ಬರುತ್ತಿರುತ್ತದೆ. ಇಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟ ದಿನದಿಂದ ವರ್ಷ ಶುರು, ಭತ್ತ ಕೊಯ್ದ ದಿನ ಎಲ್ಲರ ಬಾಕಿ ತೀರುವ ದಿನ. ಕಿರಾಣಿ, ಬಟ್ಟೆ, ಡಾಕ್ಟರು, ಕ್ಷೌರ, ಎಲ್ಲವೂ ಉದ್ರಿ, ಅಂದರೆ ಸಾಲ. "ಸುಗ್ಗಿಗೆ ಕೊಡ್ತೀನ್ರಿ" ಎಂದರೆ ಮುಗಿಯಿತು. ನೀರು ತಡವಾದರೆ ಸುಗ್ಗಿ ತಡ, ಸುಗ್ಗಿ ತಡವಾದರೆ ರೊಕ್ಕ ತಡ. ಅದಕ್ಕೆ ಯಾರೂ ಯಾರನ್ನೂ ಮೋಸಗಾರ ಎನ್ನುವುದಿಲ್ಲ.

ಹೀಗಿರುವಾಗ ಬೆಂಗಳೂರಿನಿಂದ ಒಂದು ಫೋನು ಬಂತು. ಇಂಪಾದ ದನಿಯ ಹುಡುಗಿ. ಸರ್ಕಾರಿ ನೌಕರರಿಗೆ ಕ್ರೆಡಿಟ್ ಕಾರ್ಡು, ಫೀಸಿಲ್ಲ. ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಬ್ಯಾಂಕಿನ ಇನ್ನೊಂದು ದನಿ: ಮೊದಲ ಕಾರ್ಡಿನ ಬಾಕಿಯನ್ನು ನಮ್ಮ ಕಾರ್ಡಿಗೆ ವರ್ಗಾಯಿಸಿ ಮೇಡಂ, ಆರು ತಿಂಗಳು ಬಡ್ಡಿಯೇ ಇಲ್ಲ. ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಬಡ್ಡಿಯೇ ಇಲ್ಲದ ಹಣ, ಆರು ತಿಂಗಳು. ಇಲ್ಲಿನ ಒಂದು ಬೆಳೆಗೂ ಹೆಚ್ಚುಕಡಿಮೆ ಅಷ್ಟೇ ಕಾಲ. ನನ್ನ ತಲೆಯಲ್ಲಿ ಎರಡೂ ಪಕ್ಕಪಕ್ಕ ಕೂತವು.

ಗೊಬ್ಬರದ ಅಂಗಡಿಯ ಶರಣಪ್ಪನವರ ಮಗಳು ನನ್ನ ವಿದ್ಯಾರ್ಥಿನಿ. ಅವರು ಪ್ರತಿ ಹಂಗಾಮಿಗೂ ದೊಡ್ಡ ವ್ಯಾಪಾರಿಗೆ ಮೊದಲೇ ರೊಕ್ಕ ಕಟ್ಟಿ ಗೊಬ್ಬರ ತರಬೇಕು, ರೈತರಿಗೆ ಉದ್ರಿ ಕೊಡಬೇಕು. ಆ ನಡುವಿನ ಹಣಕ್ಕೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಕೊಡುತ್ತಿದ್ದರು. ಆ ಬಡ್ಡಿ ನನಗೇ ಕೊಡಿ ಎಂದು ಮಾತಾಡಿಕೊಂಡು, ನಾನು ಆ ವ್ಯಾಪಾರಿಯ ಅಂಗಡಿಯಲ್ಲಿ ಒಂದನೇ ಕಾರ್ಡು ಉಜ್ಜಿ ಬಿಲ್ ಕಟ್ಟಿದೆ. ಗಡುವು ಬರುವ ಮೊದಲೇ ಬಾಕಿಯನ್ನು ಎರಡನೇ ಕಾರ್ಡಿಗೆ ವರ್ಗಾಯಿಸಿದೆ. ಸುಗ್ಗಿಗೆ ಶರಣಪ್ಪನವರು ಅಸಲು, ಬಡ್ಡಿ ತಂದು ಮೇಜಿನ ಮೇಲಿಟ್ಟರು, ಜೊತೆಗೆ ಹೊಸ ಅಕ್ಕಿ ಅರ್ಧ ಮೂಟೆ. ದುಡ್ಡು ಯಾರದೋ, ಯಲ್ಲಮ್ಮನ ಜಾತ್ರೆ ನನ್ನದು. ಮೊದಲ ಸಲ ಮೂವತ್ತು ಸಾವಿರ ತಿರುಗಿಸಿದೆ, ಎರಡನೇ ಸಲ ಅರವತ್ತು. ವರ್ಗಾವಣೆಯ ಶುಲ್ಕ ಕಳೆದು ಬಡ್ಡಿಯಲ್ಲಿ ಏಳು ಸಾವಿರ ಚಿಲ್ಲರೆ ಉಳಿಯಿತು. ಕೂಡಿಟ್ಟಿದ್ದಕ್ಕೆ ಅದನ್ನೂ ಸೇರಿಸಿ ಮದ್ದೂರಿನ ಸೈಟಿಗೆ ಮುಂಗಡ ಕಟ್ಟಿಬಂದೆ.

ಖಾಲಾನಿಗೆ ಹೆಮ್ಮೆಯಿಂದ ವಿವರಿಸಿದೆ. ಸೂಜಿ ನಿಲ್ಲಿಸದೆ ಕೇಳಿದಳು.

"ಯಾರರ ಬಡ್ಡಿ ಇಲ್ಲದ ಇಷ್ಟು ರೊಕ್ಕ ಕೊಡ್ತಾರಂದ್ರ ಅವ್ರು ಭಾಳ ಸಂಬಂಧಿಕರು ಇರಬೇಕು, ಇಲ್ಲಾ ನೀವು ಎಡವೋದನ್ನ ಕಾಯಾಕ ಹತ್ತಿರಬೇಕು. ಬೆಂಗಳೂರಾಗ ನಿಮ್ಮೋರು ಯಾರು ಅದಾರ್ರಿ?"

ನಕ್ಕುಬಿಟ್ಟೆ.

ಮೂರನೇ ಸಲ ಮೂರು ಕಾರ್ಡು, ಒಂದೂವರೆ ಲಕ್ಷ. ಆ ವರ್ಷ ಕಾಲುವೆಗೆ ನೀರು ತಡವಾಗಿ ಬಂತು. ಶರಣಪ್ಪನವರು ಅಂಗಡಿಯಲ್ಲಿ ಚಹಾ ಕುಡಿಸಿ, "ನಾಟಿ ಹಿಂದ ಬಿದ್ದೈತ್ರಿ ಅಕ್ಕೋರ, ಒಂದೂವರಿ ತಿಂಗಳು ಮುಂದಕ ಹೋಗತೈತಿ. ರೊಕ್ಕ ಎಲ್ಲೂ ಹೋಗಂಗಿಲ್ಲ" ಎಂದರು. ನಿಜ, ಹೋಗಲಿಲ್ಲ. ಆದರೆ ಬ್ಯಾಂಕಿನವರ ಆರು ತಿಂಗಳಿಗೆ ನಾಟಿ ಗೊತ್ತಿಲ್ಲ.

ಅದಕ್ಕೂ ಮೊದಲೇ ಇನ್ನೊಂದು ಆಯಿತು. ಬಡ್ಡಿ ಇಲ್ಲದ ಅವಧಿಯಲ್ಲೂ ಪ್ರತಿ ತಿಂಗಳು ಒಂದಿಷ್ಟು ಕಟ್ಟಲೇಬೇಕು. ಆ ಬ್ಯಾಂಕುಗಳ ಶಾಖೆ ಗಂಗಾವತಿಯಲ್ಲಿ ಇರಲಿಲ್ಲ, ಚೆಕ್ಕನ್ನು ಕೊರಿಯರಿನಲ್ಲಿ ಬೆಂಗಳೂರಿಗೆ ಕಳಿಸಬೇಕು. ನಡುವೆ ರಜೆ ಬಂದು ಒಂದು ಚೆಕ್ಕು ಎರಡು ದಿನ ತಡವಾಗಿ ಮುಟ್ಟಿತು. ಒಂದು ಕಂತು ತಪ್ಪಿದರೂ ಸವಲತ್ತು ರದ್ದು ಎಂದು ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿತ್ತಂತೆ. ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಎನ್ನುವ ನಾನು ಅದನ್ನು ಓದಿರಲಿಲ್ಲ. ಆ ಕಾರ್ಡಿನ ಇಡೀ ಬಾಕಿಯ ಮೇಲೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಮೇಲೆ ದಂಡ, ದಂಡದ ಮೇಲೆ ತೆರಿಗೆ. ಅದನ್ನು ತುಂಬಲು ಇನ್ನೊಂದು ಕಾರ್ಡಿನಿಂದ ನಗದು ತೆಗೆದೆ, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ. ನಾಲ್ಕನೇ ಕಾರ್ಡಿಗೆ ವರ್ಗಾಯಿಸೋಣ ಎಂದು ಫೋನು ಮಾಡಿದರೆ, ಹೊಸ ಕಾರ್ಡು ಕೊಡುವುದು ಸದ್ಯಕ್ಕೆ ನಿಂತಿದೆ ಎಂದಿತು ಅದೇ ಇಂಪಾದ ದನಿ.

ಆಮೇಲೆ ದನಿಗಳು ಬದಲಾದವು. ಪಾಠದ ನಡುವೆ, ಬಸ್ಸಿನಲ್ಲಿ, ಊಟದ ಮುಂದೆ ಮೊಬೈಲು ರಿಂಗಾಗುತ್ತಿತ್ತು. ಬ್ಯಾಂಕಿನ ಸಾಲ ವಸೂಲಿಯವನೊಬ್ಬನು ನನ್ನ ಮುಖ್ಯೋಪಾಧ್ಯಾಯರ ಹೆಸರು, ಮದ್ದೂರಿನ ನಮ್ಮ ಮನೆಯ ವಿಳಾಸ ಎರಡನ್ನೂ ಓದಿ ಹೇಳಿ ಫೋನಿಟ್ಟನು. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಈಗಲೂ ಗೊತ್ತಿಲ್ಲದ ನಂಬರು ಬಂದರೆ ಎತ್ತುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದರೆ ಖಾಲಾನ ಕಟ್ಟೆಯ ಮೇಲೆ ವಸೂಲಿಗೆ ಬಂದ ಇಬ್ಬರು ಗಂಡಸರು ಕೂತಿದ್ದರು. ಅವಳೇ ನೀರು ಕೊಟ್ಟಿದ್ದಳು. ಸೋಮವಾರ ಶಾಲೆಗೇ ಬರುತ್ತೇವೆ, ಮಕ್ಕಳ ಮುಂದೆಯೇ ಮಾತಾಡೋಣ ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಹೋದರು. ನಾನು ಹೊಸ್ತಿಲಲ್ಲೇ ಕೂತೆ. ಒಳಗೆ ಟ್ರಂಕಿನ ಚಿಲಕ ತೆಗೆದ ಸದ್ದಾಯಿತು.

"ಎಂಬತ್ತೈದು ಸಾವಿರ ಐತಿ. ಇದನ್ನ ಅವರ ಮಾರಿಗೆ ಒಗದು ಬರ್ರಿ."

"ಖಾಲಾ, ಇದು ಹಜ್ಜಿನದು."

"ಗೊತ್ತೈತ್ರಿ. ನಾ ಏನು ಕುರುಡಿ ಅದೀನೇನು? ರೊಕ್ಕ ಕಟ್ಟೋದಕ್ಕ ಇನ್ನೂ ನಾಲ್ಕು ತಿಂಗಳು ಐತಿ. ಅಷ್ಟರಾಗ ಶರಣಪ್ಪ ಕೊಡ್ತಾನ, ನೀವು ಇದ್ರಾಗ ಇಡ್ರಿ. ಒಂದು ಪೈಸಾ ಹೆಚ್ಚಿಗಿ ಇಡಬ್ಯಾಡ್ರಿ, ಮತ್ತ ಅದು ಬಡ್ಡಿ ಆಗತೈತಿ."

ಗೊತ್ತಿದ್ದೂ ಇಸಿದುಕೊಂಡೆ. ಮದ್ದೂರಿನ ಸೈಟಿನ ಮುಂಗಡ ವಾಪಸ್ ಕೇಳಿದ್ದರೆ ಅಷ್ಟು ಹಣ ನನ್ನ ಬಳಿಯೇ ಹುಟ್ಟುತ್ತಿತ್ತು. ಅದು ಆ ಹೊಸ್ತಿಲಲ್ಲಿ ಕೂತಾಗಲೇ ನೆನಪಿಗೆ ಬಂದಿತ್ತು, ಆದರೂ ಬಾಯಿ ಬಿಡಲಿಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಕೊಯ್ಲಿನ ಹೊತ್ತಿಗೆ ಮಳೆ ಬಂದು ಒಂದಿಷ್ಟು ಭತ್ತ ಮಲಗಿತು. ಶರಣಪ್ಪನವರು ಅರ್ಧ ಆಗ ಕೊಟ್ಟರು, ಉಳಿದರ್ಧ ಎರಡನೇ ಬೆಳೆಗೆ, ಒಂದು ರೂಪಾಯಿ ಕಡಿಮೆ ಮಾಡದೆ ಬಡ್ಡಿ ಸಮೇತ. ಬಂದದ್ದನ್ನೆಲ್ಲ ಉಳಿದ ಕಾರ್ಡುಗಳು ನುಂಗಿದವು. ನಾಲ್ಕು ತಿಂಗಳು ಮುಗಿದಾಗ ಟ್ರಂಕಿಗೆ ನಾನು ಹಾಕಿದ್ದು ಹತ್ತು ಸಾವಿರ. ಖಾಲಾ ತಮ್ಮನಿಗೆ, "ನೀವಿಬ್ರು ಹೋಗಿ ಬರ್ರಿ, ನನ್ನ ಮೊಣಕಾಲು ಈ ವರ್ಷ ಒಲ್ಲೆ ಅಂತಾವ" ಎಂದಳು.

ಹಜ್ಜಿಗೆ ಹೊರಡುವವರು ಋಣ ತೀರಿಸಿ, ಊರವರ ಮನೆಮನೆಗೆ ಹೋಗಿ ಮಾಫಿ ಕೇಳಿಯೇ ಹೊರಡಬೇಕು. ಎದುರಿನವರು ಬಾಯಿಬಿಟ್ಟು ಮಾಫ್ ಮಾಡಿದೆ ಎನ್ನುವವರೆಗೂ ಹೊಸ್ತಿಲು ಬಿಡುವುದಿಲ್ಲ. ಕೊರಳಲ್ಲಿ ಹಾರ ಹಾಕಿಕೊಂಡ ಮಹಬೂಬಸಾಬರು ನನ್ನ ಬಾಗಿಲಿಗೂ ಬಂದರು. ಹಿಂದೆ ಖಾಲಾ ನಿಂತಿದ್ದಳು, ಕೈಯಲ್ಲಿ ಅವರಿಗೆಂದು ಹೊಲಿದ ಕೌದಿ.

"ಅಕ್ಕೋರ, ನನ್ನಿಂದ ಏನರ ತಪ್ಪಾಗಿದ್ರ ಮಾಫ್ ಮಾಡ್ರಿ."

"ನಾನು ನಿಮ್ಮೂರವಳಲ್ಲವಲ್ಲ, ನನ್ನನ್ನೇಕೆ ಕೇಳುತ್ತೀರಿ?" ಎಂದು ಏನೋ ಒಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ.

"ಓಣ್ಯಾಗ ಅದೀರಿ ಅಂದ್ಮ್ಯಾಲ ಊರವರ" ಎಂದರು.

ಮಾಫ್ ಮಾಡಿದೆ ಎಂದೆ. ಖಾಲಾ ಅವರನ್ನು ಬಸ್ಸು ಹತ್ತಿಸಿ ಬಂದು, ಕೌದಿಯ ತುಂಡುಗಳನ್ನು ಹರವಿಕೊಂಡು ಕೂತಳು.

ಉಳಿದ ಎಪ್ಪತ್ತೈದನ್ನು ಪಗಾರದಲ್ಲಿ ಉಳಿಸಿ ತಿಂಗಳು ತಿಂಗಳು ಹಾಕಿದೆ. ಅವಳು ಎಣಿಸುತ್ತಲೇ ಇರಲಿಲ್ಲ, "ನೀವ ಹಾಕಿಬಿಡ್ರಿ" ಎನ್ನುತ್ತಿದ್ದಳು. ಇನ್ನು ಎರಡು ಕಂತು ಬಾಕಿ ಇದ್ದಾಗ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಕೊನೆಯ ಕಂತು ಹಾಕಿ ಚಿಲಕ ಹಾಕುವಾಗ ಮಾಫಿ ಕೇಳಬೇಕೆಂದು ಮಾತು ಕಟ್ಟಿಕೊಂಡು ಹೋಗಿದ್ದೆ. ನನ್ನ ಮುಖ ನೋಡಿ, "ಊಟ ಆತೇನ್ರಿ ಅಕ್ಕೋರ?" ಎಂದಳು. ಆಯಿತು ಎಂದು ಎದ್ದುಬಂದೆ.

ಲೆಕ್ಕದಲ್ಲಿ ಯಾರಿಗೂ ಒಂದು ರೂಪಾಯಿ ನಷ್ಟವಿಲ್ಲ. ಬ್ಯಾಂಕಿಗೆ ಮುಟ್ಟಿತು, ಶರಣಪ್ಪನವರು ಮಾತು ಉಳಿಸಿಕೊಂಡರು, ಟ್ರಂಕು ತುಂಬಿತು. ಖಾಲಾ ಮಾತ್ರ ಹಾಸಿಗೆಯಿಂದ ಏಳಲಿಲ್ಲ. ಅವಳಿಗೆ ಉಣ್ಣಿಸಿ, ತಲೆ ಬಾಚಿ ಏಳು ವರ್ಷ ಕಳೆದೆ. ನಡುವೆ ಮದ್ದೂರಿಗೆ ವರ್ಗ ಸಿಕ್ಕಿತ್ತು, ಬೇಡವೆಂದು ಬರೆದುಕೊಟ್ಟೆ. ನಮ್ಮಮ್ಮ ಫೋನಿನಲ್ಲಿ, "ಅದೇನು ಮದ್ದು ಹಾಕವ್ರೆ ನಿಂಗೆ ಆ ಊರಲ್ಲಿ?" ಎಂದು ಅತ್ತಳು. ಖಾಲಾ ತೀರಿಕೊಂಡಿದ್ದು ಒಂದು ಶುಕ್ರವಾರ ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಹೊತ್ತಿಗೆ.

ಮನೆ ಈಗ ಮಹಬೂಬಸಾಬರದು, ಬಾಡಿಗೆಯವಳು ನಾನೇ. ಟ್ರಂಕನ್ನು ಅವರು ಒಯ್ಯಲಿಲ್ಲ. ಪಡಸಾಲೆಯಲ್ಲಿ ಯಾರೂ ಇಲ್ಲದಾಗ ಅದರ ಚಿಲಕ ತೆಗೆದ ಸದ್ದು ಕೇಳುತ್ತದೆ. ತಗಡು ಬಿಸಿಲಿಗೆ ಹಿಗ್ಗಿದರೆ ಹಾಗಾಗುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಹೇಳುತ್ತಾರೆ. ಇರಬಹುದು. ಆಮೇಲೆ ಉಳಿದ ಹಣ ಕಟ್ಟಿ ನನ್ನದಾಗಿಸಿಕೊಂಡ ಮದ್ದೂರಿನ ಸೈಟಿನಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆದಿದೆ. ಅಲ್ಲಿಗೆ ಹೋದರೆ ಗಂಗಾವತಿ ಮೇಡಂ, ಇಲ್ಲಿ ಇದ್ದರೆ ಮಂಡ್ಯದ ಅಕ್ಕೋರು.

ತಾನು ಒಮ್ಮೆ ಹಜ್ ಮಾಡಿದವನು ತೀರಿಕೊಂಡವರ ಹೆಸರಿನಲ್ಲಿ ಮತ್ತೊಮ್ಮೆ ಮಾಡಬಹುದಂತೆ. ಈ ವರ್ಷ ಅಕ್ಕನ ಹೆಸರಿನಲ್ಲಿ ಹೋಗುತ್ತೇನೆಂದು ಮಹಬೂಬಸಾಬರು ಟ್ರಂಕಿನ ಹಣ ತೆಗೆದರು. ಈಗಿನ ಖರ್ಚಿಗೆ ಅದು ಸಾಲದು. ಉಳಿದದ್ದನ್ನು ನಾನು ಕೊಡುತ್ತೇನೆಂದೆ. ಬಹಳ ಸಂಕೋಚದಿಂದ ಕೇಳಿದರು: "ತಪ್ಪು ತಿಳ್ಕೋಬ್ಯಾಡ್ರಿ. ಬಡ್ಡಿಯಿಂದ ಬಂದಿದ್ದು ಅಲ್ಲಲ್ರಿ?" ಸೈಟು ಮಾರಿ ಕೊಡಬೇಕೆಂದಿದ್ದೆ. ಅದರ ಮುಂಗಡದಲ್ಲಿ ಬಡ್ಡಿಯ ಏಳು ಸಾವಿರ ಚಿಲ್ಲರೆ ಸೇರಿದೆಯಲ್ಲ. ಪಗಾರ ಬಿದ್ದ ದಿನ ಬ್ಯಾಂಕಿಗೆ ಹೋಗಿ, ಬಡ್ಡಿ ಹತ್ತುವ ಮೊದಲೇ ಅಂದೇ ತೆಗೆದು, ಹಾಗೆ ಎಂಟು ತಿಂಗಳು ಕೊಟ್ಟೆ.

ಹೋದ ವಾರ ಹಾರ ಹಾಕಿಕೊಂಡು ಬಾಗಿಲಿಗೆ ಬಂದರು. ಓಣಿಯವರು ಹಿಂದೆ ನಿಂತಿದ್ದರು, ಮಿಲ್ಲಿನ ಬೂದಿ ಅವರ ಬಿಳಿ ಅಂಗಿಯ ಮೇಲೆ ಉದುರುತ್ತಿತ್ತು.

"ಅಕ್ಕೋರ, ಈ ಸಲ ಅಕ್ಕನ ಪರವಾಗಿ ಕೇಳಾಕ ಬಂದೀನಿ. ಹದಿನಾಲ್ಕು ವರ್ಷ ನಿಮ್ಮ ಕೂಡ ಇದ್ದಳು. ಅಕಿಯಿಂದ ಏನರ ತಪ್ಪಾಗಿದ್ರ ಮಾಫ್ ಮಾಡ್ರಿ."

ಕೇಳಬೇಕಾದವಳು ನಾನು ಎಂದು ಹೇಳಲು ಬಾಯಿ ತೆರೆದೆ. ಓಣಿಯೆಲ್ಲ ನನ್ನನ್ನೇ ನೋಡುತ್ತಿತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಆ ಮಾತು ಹೇಳದ ಹೊರತು ಅವರು ಹೊಸ್ತಿಲು ಬಿಡುವಂತಿರಲಿಲ್ಲ, ಖಾಲಾ ಹೊರಡುವಂತಿರಲಿಲ್ಲ.

"ಮಾಫ್ ಮಾಡೀನ್ರಿ" ಎಂದೆ.

ಅವರು ಕಣ್ಣೊರೆಸಿಕೊಂಡು ಮುಂದಿನ ಮನೆಗೆ ಹೋದರು.