ಗೆದ್ದ ಗಂಜಿ

ಈ ಪ್ರಸಂಗವನ್ನು ನಾನು ಹೇಳಿದಾಗಲೆಲ್ಲ ಅದು ನಡೆದ ವರ್ಷ ಬದಲಾಗುತ್ತದೆ. ಒಮ್ಮೆ ಎಪ್ಪತ್ತಾರು ಎನ್ನುತ್ತೇನೆ, ಇನ್ನೊಮ್ಮೆ ಎಪ್ಪತ್ತೆಂಟು. ಅಂದು ಸಭೆಯಲ್ಲಿ ನಾನಾಡಿದ ಮಾತು ಮಾತ್ರ ವರ್ಷದಿಂದ ವರ್ಷಕ್ಕೆ ಹರಿತವಾಗುತ್ತಿದೆ. ಆದ್ದರಿಂದ ಓದುವವರು ಹೊಟ್ಟು ತೂರಿಕೊಂಡೇ ಓದಬೇಕು. ಆದರೆ ಗೆದ್ದದ್ದು ನಿಜ. ಗದ್ದೆ ಈಗಲೂ ಇದೆಯಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಬೋಳಾರದ ನಮ್ಮ ಮನೆಯಿಂದ ಹೊಳೆಯ ಕಡೆಗೆ ಇಳಿದರೆ ಒಂದು ಬೈಲು, ಅಂದರೆ ತಗ್ಗಿನ ಗದ್ದೆ. ಭೂಸುಧಾರಣೆಯಲ್ಲಿ ಗೇಣಿಯ ಗದ್ದೆಗಳೆಲ್ಲ ಉಳುವವರಿಗೆ ಹೋದ ಮೇಲೆ ನಮಗೆ ಉಳಿದದ್ದು ಅದೊಂದೇ. ಅವು ಹೋಗಬೇಕಾದದ್ದೇ ಎಂದು ನಾನು ಊಟದ ಹೊತ್ತಿನಲ್ಲಿ ಹೇಳಿದ್ದಕ್ಕೆ ನನ್ನ ಬಟ್ಟಲಿಗೆ ಬಹಳ ದಿನ ಮೀನಿನ ಬಾಲವೇ ಬೀಳುತ್ತಿತ್ತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಕಾಲೇಜಿಗೆ ಪಾಠ ಹೇಳಲು ಹೋಗದೆ, ಆ ಬೈಲಿನ ಬೇಸಾಯಕ್ಕೆ ಇಳಿದವಳು ನಾನು. ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವನಿಗೆ ಅದೇ ಜಾಗದಲ್ಲಿ ಲಾಡ್ಜ್ ಎಬ್ಬಿಸುವ ಆಸೆ.

"ನಿನ್ನ ಎಂ.ಎ.ಯನ್ನು ಗೊಬ್ಬರಕ್ಕೆ ಹಾಕ್ಲಿಕ್ಕೆ ಆಗ್ತದಾ ಮಾರಾಯ್ತಿ? ಈ ಸಲ ನಷ್ಟ ಆದ್ರೆ ಬೈಲಿಗೆ ಮಣ್ಣು ತುಂಬಿಸುದೇ" ಎಂದಿದ್ದರು. ಹಟಕ್ಕೆ ಬಿದ್ದು ನಾನೂ ಒಪ್ಪಿದ್ದೆ.

ಆಗ ಲೆವಿಯ ಕಾಲ. ಬೆಳೆದ ಭತ್ತದಲ್ಲಿ ಒಂದು ಪಾಲನ್ನು ಸರಕಾರ ಹೇಳಿದ ದರಕ್ಕೆ ಸರಕಾರಕ್ಕೇ ಕೊಡಬೇಕು. ಕೊಟ್ಟ ಮೇಲಷ್ಟೇ ಉಳಿದದ್ದನ್ನು ಬಂದರಿನ ವ್ಯಾಪಾರಿಗಳಿಗೆ ಸಾಗಿಸಲು ಪರವಾನಗಿ. ಬೇಡಿಕೆ ಮತ್ತು ಪೂರೈಕೆಯ ಗೆರೆಗಳು ಕೂಡುವಲ್ಲಿ ಬೆಲೆ ಹುಟ್ಟುತ್ತದೆಂದು ನಾನು ಓದಿದ್ದೆ. ಬಂದರಿನಲ್ಲಿ ಅದು ಹುಟ್ಟುವುದು ವ್ಯಾಪಾರಿಯ ಹಲ್ಲುಗಳು ಕೂಡುವಲ್ಲಿ. ಕಾಳು ಕಚ್ಚಿದಾಗ 'ಕಟ್' ಎಂದರೆ ಒಣಗಿದ ಭತ್ತ, ಒಳ್ಳೆಯ ಬೆಲೆ. ಸರಕಾರದ ದರಕ್ಕೆ ಯಾರ ಹಲ್ಲೂ ಬೇಕಾಗಿಲ್ಲ, ನಿಯಮ ಸಾಕು.

ಆ ವರ್ಷ ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಲೆವಿ ಇನ್‌ಸ್ಪೆಕ್ಟರು ನಮ್ಮ ಭತ್ತವನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಹೌಹಾರಿದರು.

"ಏನಮ್ಮಾ ಇದು, ಕೆಂಪು ಕಾಳು ಬೆರಕೆಯಾಗಿದೆಯಲ್ಲ?"

"ಬೆರಕೆ ಅಲ್ಲ ಸಾರ್, ಪೂರ್ತಿ ಕೆಂಪೇ."

"ಹಾಗಾದ್ರೆ ಪೂರ್ತಿ ಬೆರಕೆ!"

ಕೆಂಪು ಕಾಳು ಹೆಚ್ಚಿದ್ದರೆ ದರ್ಜೆ ಇಳಿಸಬೇಕೆಂದು ಅವರ ನಿಯಮ. ಕೆಂಪು ಕುಚ್ಚಲಕ್ಕಿಯ ಗಂಜಿ ಕುಡಿದೇ ಬೆಳೆದ ಊರಿನಲ್ಲಿ ಕೆಂಪೇ ಕುಂದು! ದರ್ಜೆ ಇಳಿದರೆ ದರ ಇಳಿಯುತ್ತದೆ, ದರ ಇಳಿದರೆ ಲಾಡ್ಜ್ ಏಳುತ್ತದೆ. ಮಾವ ಆಗಲೇ ಅಂಗಳದಲ್ಲಿ ನಿಂತು ಬೈಲನ್ನು ಕಣ್ಣಿನಲ್ಲೇ ಅಳೆಯತೊಡಗಿದ್ದರು.

ನಾನು ಮನವಿಯ ಮೇಲೆ ಮನವಿ ಬರೆದೆ. ಕೊನೆಗೆ ಇನ್‌ಸ್ಪೆಕ್ಟರು, ಅವರ ಮೇಲಧಿಕಾರಿ, ಆಳುವ ಪಕ್ಷದ ಮುಖಂಡರೊಬ್ಬರು, ವಿರೋಧ ಪಕ್ಷದವರೊಬ್ಬರು ನಮ್ಮ ಮನೆಯ ಚಾವಡಿಗೇ ಬಂದು ಮಾತಾಡುವುದೆಂದಾಯಿತು. ಮನೆಯ ಅಡುಗೆಯ ಯಜಮಾನಿಕೆ ನನ್ನ ಚಿಕ್ಕಮ್ಮನದು. ಆಕೆ ಹೇಳಿದರು: "ಅಕ್ಕಿಯ ವಿಷಯ ಖಾಲಿ ಹೊಟ್ಟೆಯಲ್ಲಿ ಮಾತಾಡ್ಲಿಕ್ಕೆ ಉಂಟಾ? ಇದೇ ಭತ್ತ ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸುವ. ಗಂಜಿ ಬಡಿಸುವ. ಮತ್ತೆ ನೀನು ಎಂತ ಬೇಕಾದ್ರೂ ಭಾಷಣ ಮಾಡು."

ಬಡಿಸಿದರು. ಬಿಸಿ ಗಂಜಿ, ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ. ಆಳುವ ಪಕ್ಷ ಸೊರ್ರೆಂದು ಸುರಿದು ಕುಡಿಯಿತು, ವಿರೋಧ ಪಕ್ಷ ಅದಕ್ಕಿಂತ ಜೋರಾಗಿ ಸುರಿಯಿತು. ಮೇಲಧಿಕಾರಿ ಎರಡನೆಯ ಸಲ ಬಟ್ಟಲು ಮುಂದೆ ಚಾಚಿದಾಗ ನಾನು ಎದ್ದು ನಿಂತೆ.

"ಬೆರಕೆ ಅಂದರೆ ಬೇರೆಯದು ಸೇರುವುದು. ಇದರಲ್ಲಿ ಬೇರೆಯದು ಎಲ್ಲುಂಟು? ನಮ್ಮ ರಾಶಿಯಲ್ಲಿ ಒಂದು ಬಿಳಿ ಕಾಳು ಸಿಕ್ಕಿದರೆ ಅದು ಬೆರಕೆ ಸಾರ್. ದರ್ಜೆ ಇಳಿಸಿ!"

ಬಾಯಿ ತುಂಬ ಗಂಜಿ ಇರುವಾಗ ವಾದಿಸುವುದು ಕಷ್ಟ. ಮೇಲಧಿಕಾರಿ ನಕ್ಕುಬಿಟ್ಟರು. ಇನ್‌ಸ್ಪೆಕ್ಟರು ಮಿಡಿ ಕಚ್ಚಿಕೊಂಡೇ ತಲೆಯಾಡಿಸಿದರು. ನಿಯಮ ಅಳಿಸಲು ಅವರಿಗೆ ಅಧಿಕಾರವಿರಲಿಲ್ಲ, ಹೀಗಾಗಿ ರಾಜಿ. ನಮ್ಮ ಭತ್ತಕ್ಕೆ ಪೂರ್ತಿ ದರ್ಜೆ, ಆದರೆ ಅದು ಘಟ್ಟ ಹತ್ತದೆ ಇಲ್ಲಿಯ ರೇಶನ್ ಅಂಗಡಿಗಳಿಗೇ ಹೋಗಬೇಕು. ಗೋಣಿ ಮತ್ತು ಲಾರಿಯ ಖರ್ಚು ನಮ್ಮದು; ಅದನ್ನು ಕಳೆದರೂ ನಷ್ಟವಾಗಲಿಲ್ಲ. ರೇಶನ್ನಿನ ಬಿಳಿ ಅಕ್ಕಿಯ ಕ್ಯೂನಲ್ಲಿ ಗೊಣಗುತ್ತಿದ್ದ ಊರಿಗೆ ಅದರ ಅಕ್ಕಿಯೇ ಮರಳಿತು.

ರಾಜಿ ಎಂದರೆ ಸೋಲಿನ ಇನ್ನೊಂದು ಹೆಸರೆಂದು ವಿಶ್ವವಿದ್ಯಾಲಯದ ದಿನಗಳಲ್ಲಿ ತಿಳಿದಿದ್ದೆ. ಹಸಿ ಭತ್ತವನ್ನು ಹಾಗೇ ಕುಟ್ಟಿದರೆ ನುಚ್ಚು ಹೆಚ್ಚು; ಒಮ್ಮೆ ಬೇಯಿಸಿ ಒಣಗಿಸಿದರೆ ಕಾಳು ಇಡಿಯಾಗಿ ಉಳಿಯುತ್ತದೆ. ತತ್ವಕ್ಕೂ ಅಷ್ಟು ಬಿಸಿನೀರು ತಾಗಿದರೆ ತಪ್ಪಿಲ್ಲ ಎಂದು ಈಗ ಅನಿಸುತ್ತದೆ.

ಎರಡೂ ಪಕ್ಷಗಳು ಬೇರೆ ಬೇರೆ ಸಭೆ ಮಾಡಿ ಗೆಲುವು ತಮ್ಮದೆಂದು ಸಾರಿದವು. ನಾನು ಎರಡಕ್ಕೂ ಹೋಗಿ ಹಾರ ಹಾಕಿಸಿಕೊಂಡೆ. ಮಾವ ಲಾಡ್ಜಿನ ಮಾತು ಬಿಟ್ಟು ತಮ್ಮ ಹೋಟೆಲಿನಲ್ಲಿ 'ಬೋಳಾರ ಬೈಲಿನ ಕುಚ್ಚಲಕ್ಕಿ ಊಟ' ಎಂದು ಬೋರ್ಡು ತೂಗುಹಾಕಿದರು. ಅದು ಇಂದಿಗೂ ಇದೆ.

ಕಳೆದ ವಾರ ಅಂಗಳದಲ್ಲಿ ಭತ್ತ ಒಣಗುತ್ತಿರುವುದನ್ನು ನೋಡುತ್ತ ನಿಂತವಳಿಗೆ ಬೇರೊಂದು ಚಿತ್ರ ಕಣ್ಣ ಮುಂದೆ ಬಂತು. ಸಭೆಯ ದಿನ ಬೆಳಿಗ್ಗೆ, ಬೇಯಿಸಿದ ಭತ್ತ ಇನ್ನೂ ಚಾಪೆಯ ಮೇಲೆ ಒದ್ದೆಯಾಗಿಯೇ ಇತ್ತು. ಅತಿಥಿಗಳು ಅದನ್ನು ತುಳಿಯದೆ ಸುತ್ತುಹಾಕಿ ಚಾವಡಿ ಹತ್ತಿದ್ದರು. ಹಳೆಯ ಅಕ್ಕಿ ಮುಗಿದು ಆಗ ಮನೆಗೆ ಬಂದರಿನಿಂದಲೇ ಅಕ್ಕಿ ಬರುತ್ತಿತ್ತು. ಅಥವಾ ಅದು ಬೇರೆ ವರ್ಷದ ಚಾಪೆಯೋ? ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅದಕ್ಕೇ ಒಳಗೆ ಹೋಗಿ ಕೇಳಿದೆ. ಚಿಕ್ಕಮ್ಮ ಬಂಗುಡೆ ಕೊಯ್ಯುತ್ತಿದ್ದರು, ನನ್ನ ಪ್ರಶ್ನೆ ಕೇಳಿ ಒಂದು ಬಾಲವನ್ನು ನನ್ನ ಪಾಲಿಗೆಂದು ಬದಿಗಿಟ್ಟರು. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಆ ದಿನ ನಾವು ಗೆದ್ದ ಗಂಜಿ ಯಾರ ಗದ್ದೆಯದ್ದು?"