ಕೆಂಪು, ಹಸಿರು ಕೂಡಿದಾಗ

ಕರ್ನಾಟಕದೊಳಗೇ ಇದ್ದೀಯ, ಅದೆಂಥ ವಲಸೆ ಎನ್ನುತ್ತೀರಿ. ಎಲ್ಲವನ್ನೂ ಕಂಪ್ಯೂಟರೇ ಹೇಳುವಾಗ ನಿನಗೇನು ಕೆಲಸ ಎಂದೂ ಕೇಳುತ್ತೀರಿ. ಎರಡು ವಾದವೂ ನಿಲ್ಲುವುದಿಲ್ಲ. ಕೊಳ್ಳೇಗಾಲದಿಂದ ಉತ್ತರ ಕರ್ನಾಟಕಕ್ಕೆ ಬಂದ ವಾರವೇ, ಸಪ್ತಾಪುರದ ನನ್ನ ಬಾಡಿಗೆ ಕೋಣೆಯ ಮಾಲಕರು ನಾನು ಮಾಡಿದ ಉಪ್ಸಾರಿನ ರುಚಿ ನೋಡಿ "ಅಡ್ಡಿಯಿಲ್ಲ" ಎಂದರು. ಇಡೀ ದಿನ ಮುಖ ಗಂಟಿಕ್ಕಿಕೊಂಡಿದ್ದೆ. ಇಲ್ಲಿ ಆ ಮಾತು ಹೊಗಳಿಕೆ ಎಂದು ಆಮೇಲೆ ತಿಳಿಯಿತು.

ದಿನಾ ಬಸ್ಸು ಹಿಡಿದು ಹುಬ್ಬಳ್ಳಿಯ ಲ್ಯಾಬಿಗೆ ಹೋಗುತ್ತೇನೆ. ಕಪ್ಪು ಪರದೆಯ ಮೇಲೆ ರೋಗಿಯ ಜೀವಕೋಶಗಳು. ಎರಡು ವಂಶವಾಹಿಗಳಿಗೆ ಅಂಟಿಸಿದ ಕೆಂಪು, ಹಸಿರು ಚುಕ್ಕಿಗಳು. ದೂರದೂರ ಇದ್ದರೆ ಸರಿ. ಕೂಡಿ ಹಳದಿಯಾದರೆ ರಕ್ತದ ಕ್ಯಾನ್ಸರ್. ಒಂದರ ಹಿಂದೊಂದು ನಿಂತ ಚುಕ್ಕಿಗಳನ್ನೂ ತಂತ್ರಾಂಶ ಕೂಡಿವೆ ಎಂದು ಎಣಿಸಿಬಿಡುತ್ತದೆ. ನಿಜಕ್ಕೂ ಕೂಡಿವೆಯೇ ಎಂದು ತೀರ್ಮಾನಿಸುವುದು ನನ್ನ ಕಣ್ಣು.

ಗಬ್ಬೂರಿನ ಮೆಕ್ಯಾನಿಕ್ ಇಮಾಮ್‌ಸಾಬ್ ತಮ್ಮ ಮಗಳು ರೇಶ್ಮಾಳ ಪರೀಕ್ಷೆ ಏನಾಯಿತೆಂದು ಕೇಳಲು ಬಂದಿದ್ದರು. "ಏನ್ ಬಂತ್ರಿ ಮೇಡಂ? ಒಂದ್ ಮಾತು ಹೇಳ್ರಿ, ಎದಿ ಹೊಡಕೊಳ್ಳಾಕತ್ತೈತಿ."

ಫಲಿತಾಂಶವನ್ನು ಡಾಕ್ಟರೇ ಹೇಳಬೇಕೆಂಬುದು ನಿಯಮ. ಕಂಡದ್ದನ್ನಷ್ಟೇ ಹೇಳಿದರೆ ಅದು ಫಲಿತಾಂಶವಲ್ಲ ಎಂದು ನನ್ನೊಳಗೇ ವಾದ ಗೆದ್ದುಕೊಂಡೆ. "ಕೆಂಪು, ಹಸಿರು ಎರಡೂ ಕೂಡಿವೆ ಕಾಕಾ. ಡಾಕ್ಟರನ್ನು ಕಾಣಿ."

"ಕೂಡ್ಯಾವ? ಹಂಗಂದ್ರ ಆತ್ ಬಿಡ್ರಿ. ಹಲ್ಲಿಗೆ ಹಲ್ಲು ಕೂಡಿದ್ರ ಗೇರ್ ಬೀಳತೈತಿ, ಗಾಡಿ ಓಡತೈತಿ." ನಕ್ಕರು. ಗಟ್ಟಿ ಮನುಷ್ಯ ಎಂದುಕೊಂಡು ನಾನೂ ನಕ್ಕೆ.

ಅವರು ಡಾಕ್ಟರನ್ನು ಕಾಣದೆಯೇ ಮನೆಗೆ ಹೋದರು; ವರದಿ ಕೌಂಟರಿನಲ್ಲೇ ಉಳಿಯಿತು. ಆಸ್ಪತ್ರೆಯವರು ಮಾಡಿದ ಫೋನು ಹತ್ತಲಿಲ್ಲ. ಮೂರು ವಾರದ ಮೇಲೆ ರೇಶ್ಮಾಳನ್ನು ಎತ್ತಿಕೊಂಡೇ ತಂದರು. ಔಷಧಿ ಶುರು ಮಾಡೋಣ, ಆದರೆ ತಡವಾಗಿದೆ, ಭರವಸೆ ಕೊಡಲಾರೆ ಎಂದರು ಡಾಕ್ಟರು.

ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಬಾಯಿತಪ್ಪಿ "ಹೌದ್ರಿ" ಎಂದೆ. "ಯಾರ ಮನೆ ಮಗಳೇ ನೀನು?" ಎಂದು ನಕ್ಕಳು. ಇಲ್ಲಿ ನಾನಿನ್ನೂ "ಮೈಸೂರ್ ಕಡಿ ಮೇಡಂ". ಎರಡೂ ಕಡೆ ಅರ್ಧ ಮಾತಿನವಳು. ಆ ಅರ್ಧ ಮಾತು ಒಂದು ಹುಡುಗಿಯ ಮೂರು ವಾರ ತಿಂದಿತು. ಅದಕ್ಕೆ ಯಾವ ಪ್ರತಿವಾದವೂ ನನ್ನಲ್ಲಿಲ್ಲ.

ವಾರ್ಡಿನ ಹೊರಗೆ ಇಮಾಮ್‌ಸಾಬ್ ಸಿಕ್ಕರು. ಬೈಯುತ್ತಾರೆ ಎಂದು ನಿಂತೆ. ಬೈಯಲಿಲ್ಲ. ಗ್ರೀಸು ಹತ್ತಿದ ಬೆರಳುಗಳನ್ನು ಒಂದರೊಳಗೊಂದು ಹೆಣೆದು, ಬಿಡಿಸಿ, ಮೆಲ್ಲಗೆ ಕೇಳಿದರು:

"ನಿಮ್ಮ ಕಡೆ ಕೂಡೋದು ಅಂದ್ರ ಕೆಟ್ಟದ್ದೇನ್ರಿ, ಮೇಡಂ?"