ಕೊನೆಯ ಎಲೆಯ ಪಾಯಸ

ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳು ಸೇರಿದಲ್ಲಿ ಯಾರಾದರೂ "ಆ ಕಾಲದ ಪಂಕ್ತಿಯೂಟ" ಎಂದು ನಿಟ್ಟುಸಿರು ಬಿಟ್ಟರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅದು ಹೇಗೆ ನಿಂತಿತೆಂದು ಅವರಿಗೆಲ್ಲ ಗೊತ್ತಿದೆ.

ಅರವತ್ತರ ದಶಕದ ಕೊನೆ. ವರ್ಷಕ್ಕೊಮ್ಮೆ ಹಳಬರು ಕುಂದಾಪುರಕ್ಕೆ ಬಂದು, ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಬಿಗಿದು, ಹೊಸ ಮಕ್ಕಳಿಗೆ ತಮ್ಮ ಕೈಯಾರೆ ಬಡಿಸುವುದು ಪದ್ಧತಿ. ಮೊದಲು ಎಲ್ಲರಿಗೂ ಒಂದು ಸೌಟು ಪಾಯಸ. ಅದು ಕೊನೆಯ ಎಲೆಗೆ ಬೀಳುವವರೆಗೆ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ.

ಆ ವರ್ಷ ಪಾಯಸದ ಸರದಿ ನಮ್ಮ ತಂಡದ್ದು. ಬೀಜಾಡಿಯ ನನ್ನ ಗೆಳೆಯ ಹೊಸ ಪಂಚೆ ಉಟ್ಟು ಬಂದಿದ್ದ. ಮೀನುಗಾರರ ಮನೆಯವನು; ಅವನ ಅಬ್ಬಿ, ಎಂದರೆ ತಾಯಿ, ಮನೆಮನೆಗೆ ಮೀನು ಹೊತ್ತು ಮಾರುತ್ತಿದ್ದಳು. ಅವನ ತಂಗಿ ಅದೇ ವರ್ಷ ಕಾಲೇಜು ಸೇರಿದ್ದಳು, ಅವರ ಮನೆಯಿಂದ ಮೊದಲ ಹುಡುಗಿ. ಅವಳ ಎಲೆಗೆ ತಾನೇ ಬಡಿಸಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಅವನದು ಅದೇ ಮಾತು.

"ಬಡ್ಸುವರ್ ನಮ್ಮವ್ರಾರೆ ಕಡೀ ಪಂಕ್ತಿ ಆರೂ ಅಡ್ಡಿಲ್ಲೆ ಅಂಬ್ರ್. ನೀ ಕಡೀ ಎಲಿಗೇ ಕೂಕೊ" ಎಂದು ಅವಳನ್ನು ನಗಿಸಿದ್ದ. ಅವಳು ಹಾಗೇ ಕೂತಳು.

ಅವನು ಪಾಯಸದ ಬಕೆಟ್ಟಿಗೆ ಕೈ ಹಾಕಿದ. ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ತಡೆದರು. ದೊಡ್ಡ ಗದ್ದೆಯ ಮನೆಯವರು, ವಕೀಲರು.

"ಹ್ವಾಯ್, ನೀ ಎಲಿ ಎತ್ತುಕೆ ನಿಲ್ಲ್ ಮಾರಾಯಾ. ನಂಗೆಂತದೂ ಇಲ್ಲೆ. ಊರಿನವ್ರ್ ಎಂತ ಹೇಳ್ತ್ರೊ."

"ನಮ್ಮಬ್ಬಿ ತಂದ್ ಮೀನ್ ನಿಮ್ಮ್ ಅಡ್ಗಿಮನಿಗ್ ಹೋತ್ತ್ ವಕೀಲ್ರೆ. ನನ್ ಕೈ ನಿಮ್ಮ್ ಬಕೆಟ್ಟಿಗ್ ಹ್ವಾಪುಕ್ ಆತಿಲ್ಯಾ?"

ವಕೀಲರು ತಾವೇ ಬಕೆಟ್ಟು ಹಿಡಿದು ಬಡಿಸುತ್ತ ಹೋದರು. ಕೊನೆಯ ಎಲೆಗೆ ಬಗ್ಗಿದಾಗ ಹುಡುಗಿ ಎಲೆಯ ಮೇಲೆ ಅಂಗೈ ಹರಡಿದಳು.

"ಅಣ್ಣಯ್ಯ ಬಡ್ಸ್ಲಿ."

ಇಡೀ ಪಂಕ್ತಿ ಕೈ ಕಟ್ಟಿ ಕೂತಿತು. ಸಾರು ಆರುತ್ತಿತ್ತು. ನಡುವಿನಿಂದ ಒಬ್ಬ ಪೋರ, "ಹೊಟ್ಟಿ ಚುರ್ ಚುರ್ ಅಂತಿತ್ತ್, ಯಾರಾರೂ ಬಡ್ಸಿ" ಎಂದ. ಮಕ್ಕಳೆಲ್ಲ ನಕ್ಕರು. ವಕೀಲರು ನಗಲಿಲ್ಲ.

"ಆಯ್ತ್. ನಿನ್ ತಂಗಿ ಎಲಿಗ್ ಮಾತ್ರ ಹಾಕ್."

ಮಾತ್ರ! ಹಿಡಿದಿದ್ದ ಉಪ್ಪಿನ ತಟ್ಟೆಯನ್ನು ನಾನು ಸಿಟ್ಟಿಗೆ ನೆಲಕ್ಕೆ ಕುಕ್ಕಿದೆ. ಗೆಳೆಯ ತಂಗಿಗೆ ಬಡಿಸಿದ. ವಕೀಲರು ಸೌಟಿಗೆ ಕೈ ಚಾಚಿದರು. ಅವನು ಕೊಡಲಿಲ್ಲ. ಊಟ ಶುರುವಾದೊಡನೆ ಅವಳ ಪಕ್ಕದ ಎಲೆಯಿಂದ ಪಾಯಸದ ಎರಡನೆಯ ಸುತ್ತು ಹೊರಟ. ಒಬ್ಬರೂ ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ. ಕೆಲವರು ಇನ್ನೊಂದು ಸೌಟು ಕೇಳಿದರು.

ಮರುವರ್ಷ ಬಾಡಿಗೆಯ ಅಡುಗೆಯವರು ಬಡಿಸಿದರು. ಹಳಬರಿಗೆ ಕುರ್ಚಿ. ಸೊಂಟ ಬಗ್ಗುವುದಿಲ್ಲ ಎಂಬ ನೆಪ. ನಮಗಿನ್ನೂ ಮೂವತ್ತು ದಾಟಿರಲಿಲ್ಲ. ಒಬ್ಬನ ಕೈಗೆ ಸೌಟು ಸಿಗಬಾರದೆಂದು ಎಲ್ಲರ ಕೈಯ ಸೌಟು ಕಸಿದರು. ನಾನು ಸಭೆಯಲ್ಲೇ ಕೂಗಾಡಿದೆ. "ಕೂಕಣಿ, ಕೂಕಣಿ" ಎಂದು ಸಮಾಧಾನ ಮಾಡಿದರು. ಗೆಳೆಯ ಮತ್ತೆ ಆ ಕಡೆ ಸುಳಿಯಲಿಲ್ಲ.

ಅವನ ತಂಗಿ ಬಿ.ಎ. ಮುಗಿಸಿ, ಹಳೆ ವಿದ್ಯಾರ್ಥಿನಿಯಾಗಿ ಮೊದಲ ಸಲ ಬಂದ ದಿನ ವೇದಿಕೆಯಲ್ಲಿ ಅದೇ ವಕೀಲರು, ನಾವು ಕೈಯಾರೆ ಬಡಿಸುತ್ತಿದ್ದೆವು, ಆ ಪ್ರೀತಿ ಈಗೆಲ್ಲಿ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ನಾ ಬಡ್ಸುಕೇ ಬಂದದ್ದ್. ಬಕೆಟ್ ಎಲ್ಲಿತ್ತ್?"

ಅವರು ಕಣ್ಣೊರೆಸಿದ ಕರ್ಚೀಫನ್ನು ಮಡಚುತ್ತಲೇ ಇದ್ದರು.